ಆ ಪುಡಿ ಇನ್ನೂ ನಿಲ್ಲಿಸಿಲ್ವಾ?

ವಿರಾಜಪೇಟೆ ಸಂತೆಯಲ್ಲಿ, ಮದುವೆ ಮನೆಯಲ್ಲಿ, ಶಾಲೆ ಗೇಟಿನ ಹತ್ತಿರ, ಎಲ್ಲಿ ಸಿಕ್ಕಿದರೂ ಜನ ನನ್ನನ್ನು ಕೇಳುವುದು ಇದನ್ನೇ: "ಮಗನಿಗೆ ಆ ಪುಡಿ ಇನ್ನೂ ಕೊಡ್ತಿದ್ದೀಯಾ? ಅಭ್ಯಾಸ ಆಗಿಬಿಡಲ್ವಾ?"

ಮಲ ಮೆತ್ತಗಾಗಲು ಕೊಡುವ ಪುಡಿ ಅದು. ಕೊಡ್ತಿದ್ದೇನೆ. ಅಭ್ಯಾಸ ಆಗಲ್ಲ. ಡಾಕ್ಟರ್ ಇಳಿಸು ಅನ್ನುವವರೆಗೂ ಕೊಡುತ್ತೇನೆ.

ಅವನಿಗೆ ಐದು ವರ್ಷ. ಹಳೇ ಮಲಬದ್ಧತೆ. ಯಾವತ್ತೋ ಗಟ್ಟಿಯಾಗಿ ಹೋಗಿ ನೋವಾಯಿತು, ಅವತ್ತಿನಿಂದ ಹೆದರಿ ತಡೆಯಲು ಶುರು ಮಾಡಿದ. ಬಾಗಿಲ ಹಿಂದೆ ಹೋಗಿ, ಕಾಲಿಗೆ ಕಾಲು ಕತ್ತರಿ ಹಾಕಿ, ತುದಿಗಾಲಲ್ಲಿ ನಿಂತು ಮುಖ ಕೆಂಪಗೆ ಮಾಡಿಕೊಳ್ಳುತ್ತಾನೆ. ನೋಡಿದವರು "ಪಾಪ, ತಿಣುಕ್ತಿದ್ದಾನೆ" ಅಂತಾರೆ. ತಿಣುಕುವುದೆಲ್ಲಿ ಬಂತು, ಬಿಗಿಹಿಡಿದು ನಿಂತಿರುತ್ತಾನೆ! ತಡೆದಷ್ಟೂ ದೊಡ್ಡ ಕರುಳು ನೀರು ಹೀರುತ್ತದೆ, ಕಕ್ಕ ಕಲ್ಲಾಗುತ್ತದೆ, ಮುಂದಿನ ಸಲ ನೋವು ಇನ್ನೂ ಜಾಸ್ತಿ. ಕರುಳಿನ ಕೊನೆಯ ಭಾಗ ಹಳೇ ಚಡ್ಡಿಯ ಇಲಾಸ್ಟಿಕ್ ಥರ ಹಿಗ್ಗಿ, ತುಂಬಿದ್ದೇ ಗೊತ್ತಾಗುವುದಿಲ್ಲ. ಆಮೇಲೆ ಗಟ್ಟಿಯ ಪಕ್ಕದಿಂದ ತೆಳ್ಳಗಿನದು ಜಾರಿ ಚಡ್ಡಿಗೆ ಬರುತ್ತದೆ. ಅದನ್ನು ಭೇದಿ ಅಂದುಕೊಂಡು ಔಷಧಿ ನಿಲ್ಲಿಸುವವರಿದ್ದಾರೆ. ಮಗುವಿಗೆ ಬೈಯುವವರೂ ಇದ್ದಾರೆ. ಆದದ್ದು ಅವನಿಗೇ ಗೊತ್ತಿರುವುದಿಲ್ಲ, ಬೈದು ಏನು ಪ್ರಯೋಜನ?

ಪುಡಿಯ ಹೆಸರು ಪಾಲಿಎಥಿಲಿನ್ ಗ್ಲೈಕಾಲ್. ದೇಹ ಅದನ್ನು ಹೆಚ್ಚುಕಮ್ಮಿ ಹೀರುವುದೇ ಇಲ್ಲ. ನೀರು ಹಿಡಿದುಕೊಂಡು ಕರುಳಲ್ಲಿ ಸಾಗಿ, ಮಲವನ್ನು ಮೆತ್ತಗೆ ಮಾಡಿ ಅದರ ಜೊತೆಗೇ ಹೊರಗೆ ಹೋಗುತ್ತದೆ. ಆದರೆ ಹಿಗ್ಗಿದ ಕರುಳು ಮೊದಲಿನಂತಾಗಲು ತಿಂಗಳುಗಟ್ಟಲೆ ಬೇಕು. ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಹೊಟ್ಟೆ ಡಾಕ್ಟರುಗಳ ಸಂಘಗಳು 2014ರಲ್ಲಿ ಕೊಟ್ಟ ಸಲಹೆಯಲ್ಲೂ ಔಷಧಿ ಕನಿಷ್ಠ 2 ತಿಂಗಳು ಅಂತಿದೆ, ಅದೂ ತೊಂದರೆ ಪೂರ್ತಿ ಹೋಗಿ 1 ತಿಂಗಳಾದರೂ ಆದ ಮೇಲೆ ನಿಧಾನಕ್ಕೆ ಇಳಿಸಬೇಕು. ಎಷ್ಟೋ ಮಕ್ಕಳಿಗೆ ಇನ್ನೂ ತುಂಬಾ ದಿನ ಬೇಕಾಗುತ್ತದೆ.

ಮೊದಲು ಡಾಕ್ಟರ್ ನೋಡಿರಬೇಕು, ಅದು ಬೇರೆ ಮಾತು. ಹುಟ್ಟಿದ 48 ಗಂಟೆಯೊಳಗೆ ಮೊದಲ ಕಪ್ಪು ಮಲ ಹೋಗದಿದ್ದ ಮಗು, ಹಸಿರು ವಾಂತಿ, ಉಬ್ಬಿದ ಹೊಟ್ಟೆ, ಏರದ ತೂಕ, ಇಂಥದ್ದಿದ್ದರೆ ಹಿರ್ಷ್‌ಸ್ಪ್ರಂಗ್‌ನಂಥ ಕಾಯಿಲೆ (ಹುಟ್ಟಿನಿಂದಲೇ ಕರುಳಿನ ಒಂದು ಭಾಗದಲ್ಲಿ ನರಕೋಶ ಇಲ್ಲದಿರುವುದು) ಇರಬಹುದು. ಮೈಸೂರಿಗಾದರೂ ಹೋಗಿ ತೋರಿಸಬೇಕು.

ತಿಂಡಿ ಆದ ಕೂಡಲೇ ಅವನನ್ನು ಕೂರಿಸುತ್ತೇವೆ, ಐದು-ಹತ್ತು ನಿಮಿಷ. ಹೊಟ್ಟೆಗೆ ಏನಾದರೂ ಬಿದ್ದಾಗ ಕರುಳು ತಾನೇ ಕೆಲಸ ಶುರು ಮಾಡುತ್ತದೆ. ಕಮೋಡಿನಲ್ಲಿ ಕಾಲು ತೂಗಾಡಿದರೆ ಬಲ ಸಿಗಲ್ಲ, ಕಾಲಡಿಗೆ ಏನಾದರೂ ಬೇಕು. ಅಡುಗೆಮನೆಯ ಮಣೆ ಕೊಡಲು ಅತ್ತೆ ಸುತರಾಂ ಒಪ್ಪಲಿಲ್ಲ. ಮಾವ ತೋಟದ ಸಿಲ್ವರ್ ಮರದ ಹಲಗೆಯಲ್ಲಿ ಒಂದು ಮಾಡಿಕೊಟ್ಟರು. ಒಂದು ಕಾಲು ಗಿಡ್ಡ, ಅಡಿಗೆ ಸೈಕಲ್ ಟ್ಯೂಬ್ ತುಂಡು ಅಂಟಿಸಿದ್ದಾರೆ.

ಮಳೆಗಾಲ ನಮಗೆ ಕಷ್ಟ. ಚಳಿಗೆ ನೀರು ಬೇಡ ಅಂತಾನೆ, ಹಾಲು ಮಾತ್ರ ಎಷ್ಟಾದರೂ ಬೇಕು. ಹಾಲಲ್ಲೇ ಹೊಟ್ಟೆ ತುಂಬಿದರೆ ಊಟ ಎಲ್ಲಿ ಸೇರುತ್ತೆ? ಬಿಸಿನೀರು, ಗಂಜಿ, ತಿಳಿಸಾರು ಅಂತ ಹೇಗೋ ಒಳಗೆ ಇಳಿಸುತ್ತೇವೆ. ಒಗೆದ ಚಡ್ಡಿಗಳು ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಸಾಲಾಗಿ ನೇತಾಡುತ್ತಿರುತ್ತವೆ, ಹೊಗೆ ವಾಸನೆ ಹೊಡೆಯುತ್ತಾ.

ಆಗಸ್ಟ್ 3ರ ಕಕ್ಕಡ ಹದಿನೆಂಟು, ನಮ್ಮ ಕೊಡಗಿನ ಮಳೆಗಾಲದ ಹಬ್ಬ, ಬಂತೆಂದರೆ ದೊಡ್ಡಮ್ಮನ ಉಪದೇಶ: "ಮದ್ದು ಸೊಪ್ಪಲ್ಲಿ ಹದಿನೆಂಟು ಥರ ಔಷಧಿ ಇದೆ, ಅದೇ ಸಾಕು." ಆ ಸೊಪ್ಪಿನ ಪಾಯಸ ತಿನ್ನಲಿ, ಹಬ್ಬ ಅಲ್ವಾ? ಅದನ್ನು ತಿಂದು ಉಚ್ಚೆ ಕೆಂಪಾದದ್ದು ನೋಡಿ ಅವನಿಗೆ ಖುಷಿಯೋ ಖುಷಿ. ಪುಡಿ ಮಾತ್ರ ಅವತ್ತೂ ತಪ್ಪಲ್ಲ. ಕಕ್ಕ ಬರಲಿ ಅಂತ ಹಿಂದಿನಿಂದ ಸೋಪಿನ ತುಂಡು, ವೀಳ್ಯದೆಲೆ ತೊಟ್ಟು ಇಡುವುದಕ್ಕಂತೂ ನಾನು ಖಂಡಿತ ಬಿಡುವುದಿಲ್ಲ. ಮೊದಲೇ ಹೆದರಿದವನು.

ಶಾಲೆ ಚೀಲದ ತಳದಲ್ಲಿ ಒಂದು ಚಡ್ಡಿ, ಒಂದು ಕವರ್ ಇರುತ್ತದೆ. ಕೈ ಎತ್ತಿದರೆ ಏನೂ ಕೇಳದೆ ಕಳಿಸಿ ಅಂತ ಟೀಚರಿಗೆ ಹೇಳಿದ್ದೇನೆ. ಆದರೂ ಅಲ್ಲಿನ ತಣ್ಣೀರಿಗೆ ಹೆದರಿ ಅವನು ಹೋಗುವುದು ಅಪರೂಪ. ಅದಕ್ಕೇ ಸಂಜೆ ಬಂದು ತಿಂಡಿ ತಿಂದ ಮೇಲೆ ಇನ್ನೊಂದು ಸಲ ಕೂರಿಸುತ್ತೇವೆ.