ಗಾಜು ಬೆರೆಸಿದರೆ ಆಯಿತಲ್ಲ, ಇನ್ನೇನು ಕಷ್ಟ?

ಮೈಕ್ರೋವೇವ್ ಸರ್ಕ್ಯೂಟ್‌ಗಳ ಸೆರಾಮಿಕ್ ಕೆಲಸಕ್ಕೆ ಹೊಸದಾಗಿ ಬಂದವರೆಲ್ಲ ಕೇಳುವ ಪ್ರಶ್ನೆ ಇದು: “ಸೆರಾಮಿಕ್ಕನ್ನು 900 ಡಿಗ್ರಿಯೊಳಗೆ ಸುಡಬೇಕು ಅನ್ನುತ್ತೀರಿ. ಬೇಗ ಮೆತ್ತಗಾಗುವ ಗಾಜಿನ ಪುಡಿಯನ್ನು ಹೆಚ್ಚಾಗಿ ಬೆರೆಸಿದರೆ ಆಗದೇ?”

ಬೇಯುವುದೇನೋ ಬೇಯುತ್ತದೆ. ಸಿಗ್ನಲ್ ಮಾತ್ರ ಒಳಗೇ ಸೋರಿಹೋಗುತ್ತದೆ.

900ರ ಗಡಿ ಹಾಕಿದ್ದು ಬೆಳ್ಳಿ. ಸೆರಾಮಿಕ್ ಪುಡಿಯನ್ನು ಅಂಟಿನಲ್ಲಿ ಕಲಸಿ ಎರೆದ, ಇನ್ನೂ ಸುಡದ ಹಸಿ ಹಾಳೆಗಳ ಮೇಲೆ ಬೆಳ್ಳಿಯ ಗೆರೆ ಮುದ್ರಿಸಿ, ಪದರಗಳನ್ನು ಒತ್ತಿ, ಎಲ್ಲವನ್ನೂ ಒಟ್ಟಿಗೆ ಸುಡುತ್ತೇವೆ. ಬೆಳ್ಳಿ 961 ಡಿಗ್ರಿಗೆ ಕರಗುತ್ತದೆ. ಅಲ್ಯುಮಿನಾಕ್ಕೆ ಬೇಕಾಗುವ ಸುಮಾರು 1600 ಡಿಗ್ರಿಯಲ್ಲಿ ಟಂಗ್‌ಸ್ಟನ್, ಮಾಲಿಬ್ಡಿನಮ್‌ನಂಥವೇ ಉಳಿಯಬೇಕು. ಟಂಗ್‌ಸ್ಟನ್ನಿನ ರೋಧ ಬೆಳ್ಳಿಯ ಮೂರು ಪಟ್ಟಿಗೂ ಹೆಚ್ಚು.

ಗಾಜು ಕರಗಿ ಕಣಗಳ ನಡುವೆ ಹರಿದು ಅವನ್ನು ಹತ್ತಿರಕ್ಕೆ ಎಳೆಯುತ್ತದೆ. ತಣಿದ ಮೇಲೂ ಅಲ್ಲೇ ಉಳಿಯುತ್ತದೆ. ಅದರ ಅಣುರಚನೆಯಲ್ಲಿ ಕ್ರಮವಿಲ್ಲ, ಹಾಗಾಗಿ ಮೈಕ್ರೋವೇವ್ ಶಕ್ತಿಯನ್ನು ಹರಳಿಗಿಂತ ಹೆಚ್ಚು ಹೀರುತ್ತದೆ. ಆದ್ದರಿಂದ ಎಷ್ಟು ಕಡಿಮೆ ಹಾಕಿದರೆ ಬೇಯುತ್ತದೆ ಎಂದು ಹುಡುಕಬೇಕು. ತೂಕದ ಶೇ. 1ರಿಂದ ಶುರುಮಾಡಿ, ಅರ್ಧರ್ಧ ಶೇಕಡಾ ಏರಿಸುತ್ತಾ ಬಿಲ್ಲೆಗಳನ್ನು ಸುಡಿ. ನೀರಿನಲ್ಲಿ ಮುಳುಗಿಸಿ ತೂಗಿ ಸಾಂದ್ರತೆ ನೋಡಿ. ಸೈದ್ಧಾಂತಿಕ ಸಾಂದ್ರತೆಯ (ಒಂದೂ ರಂಧ್ರವಿಲ್ಲದಿದ್ದರೆ ಇರಬೇಕಾದದ್ದರ) ಶೇ. 95 ದಾಟಿದ ಮೇಲೆ ಇನ್ನೂ ಹಾಕುವುದು ಬಹುಪಾಲು ನಷ್ಟವೇ.

ಗಾಜಿನ ಪುಡಿಯ ಬದಲು, ಬೇಗ ಕರಗುವ ಬೋರಾನ್ ಆಕ್ಸೈಡನ್ನು ನೇರವಾಗಿ ಹಾಕುವವರು ಒಂದು ಎಚ್ಚರ ವಹಿಸಬೇಕು: ಅದು ಪಾಲಿವಿನೈಲ್ ಆಲ್ಕೋಹಾಲ್ ಅಂಟಿನ ಸರಪಳಿಗಳನ್ನು ಒಂದಕ್ಕೊಂದು ಹೆಣೆದು, ಹಾಳೆ ಎರೆಯಬೇಕಾದ ದ್ರಾವಣವನ್ನು ಲೋಳೆಗಟ್ಟಿಸುತ್ತದೆ. ಮೊದಲೇ ಸತುವಿನ ಆಕ್ಸೈಡ್ ಅಥವಾ ಸಿಲಿಕಾ ಜತೆ ಕರಗಿಸಿ, ಗಾಜಾಗಿ ಅರೆದು ಬಳಸುವುದು ಮೇಲು.

ಅಂಟು ಸುಟ್ಟುಹೋಗುವ ಹಂತವನ್ನು ಅವಸರಿಸಬೇಡಿ. ನಿಮಿಷಕ್ಕೆ 2 ಡಿಗ್ರಿಯಂತೆ ಏರಿಸಿ 450 ಡಿಗ್ರಿಯಲ್ಲಿ ಒಂದೆರಡು ಗಂಟೆ ನಿಲ್ಲಿಸಿ. ಅಂಟು ಹೋಗುವ ಮೊದಲೇ ಗಾಜು ಮೆತ್ತಗಾದರೆ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಇಂಗಾಲ ಒಳಗೇ ಸಿಕ್ಕಿಬೀಳುತ್ತದೆ; ಬಿಲ್ಲೆ ಬೂದುಬಣ್ಣಕ್ಕೆ ತಿರುಗಿ ಉಬ್ಬುತ್ತದೆ.

ಇನ್ನು ಬೆಳ್ಳಿಯ ಪರೀಕ್ಷೆ: ಅದು ಸೆರಾಮಿಕ್ ಜತೆ ವರ್ತಿಸುತ್ತದೆಯೇ ಎಂದು ನೋಡಬೇಕು. ಸೆರಾಮಿಕ್ ಪುಡಿಗೆ ಶೇ. 20ರಷ್ಟು ಬೆಳ್ಳಿಪುಡಿ ಸೇರಿಸಿ ಅದೇ ಶಾಖದಲ್ಲಿ ಸುಟ್ಟು ಎಕ್ಸ್-ರೇ ವಿವರ್ತನೆ (ಒಳಗೆ ಯಾವ ಹರಳುಗಳಿವೆ ಎಂದು ಶಿಖರಗಳಾಗಿ ತೋರಿಸುವ ಪರೀಕ್ಷೆ) ತೆಗೆಯಿರಿ. ಬೆಳ್ಳಿ ಮತ್ತು ಸೆರಾಮಿಕ್‌ನ ಶಿಖರಗಳಷ್ಟೇ ಕಾಣಬೇಕು. ಮೂರನೆಯದು ಕಂಡರೆ ಆ ಸೂತ್ರ ಬಿಡಿ. ಬಿಸ್ಮತ್ ಇರುವ ಹಲವು ಸೆರಾಮಿಕ್‌ಗಳು ಇಲ್ಲೇ ಸೋಲುತ್ತವೆ. ಸುಟ್ಟ ಹಲಗೆಯಲ್ಲಿ ಗೆರೆಯ ಅಂಚಿಗೆ ಹಳದಿ ಛಾಯೆ ಕಂಡರೆ ಬೆಳ್ಳಿ ಗಾಜಿನೊಳಗೆ ಹರಡಿದೆ ಎಂದೇ ಅನುಮಾನಿಸಿ.

ಗಾಜೇ ಬೇಡವೆಂದರೆ, ತಾನಾಗಿಯೇ ಕಡಿಮೆ ಶಾಖಕ್ಕೆ ಬೇಯುವ ಸಂಯುಕ್ತಗಳಿವೆ. ನನಗೆ ಇಷ್ಟವಾದದ್ದು ಲಿಥಿಯಂ ಮಾಲಿಬ್ಡೇಟ್: 540 ಡಿಗ್ರಿ ಸಾಕು, ಪರಾವೈದ್ಯುತಾಂಕ (ವಿದ್ಯುತ್ ಕ್ಷೇತ್ರದ ಶಕ್ತಿಯನ್ನು ಎಷ್ಟು ಹಿಡಿದಿಡುತ್ತದೆ ಎಂಬ ಅಳತೆ) ಸುಮಾರು 5.5, ನಷ್ಟವೂ ಬಹಳ ಕಡಿಮೆ. ನೀರಿನಲ್ಲಿ ಕರಗುವ ಗುಣವನ್ನೇ ಬಳಸಿಕೊಂಡು ಫಿನ್ಲೆಂಡಿನ ಓಲು ವಿಶ್ವವಿದ್ಯಾಲಯದವರು ಇದನ್ನು ಕೋಣೆಯ ಉಷ್ಣತೆಯಲ್ಲೇ ಒತ್ತಿ ಗಟ್ಟಿಯಾಗಿಸಿದ್ದಾರೆ. ತೇವದಿಂದ ಕಾಪಾಡಬೇಕಾದದ್ದೂ ಅದಕ್ಕಾಗಿಯೇ. ಇನ್ನೊಂದು ತೊಡಕು, ಬಿಸಿಯಾದಂತೆ ಅದರ ಅನುರಣನ ಆವರ್ತನ (ಅದು ಸಹಜವಾಗಿ ಮಿಡಿಯುವ ಆವರ್ತನ) ಡಿಗ್ರಿಗೆ ದಶಲಕ್ಷದಲ್ಲಿ ಸುಮಾರು 160 ಭಾಗ ಇಳಿಯುತ್ತದೆ: 10 ಗಿಗಾಹರ್ಟ್ಸ್‌ನ ಫಿಲ್ಟರ್ 40 ಡಿಗ್ರಿ ಬಿಸಿಯಾದರೆ 64 ಮೆಗಾಹರ್ಟ್ಸ್ ಜಾರುತ್ತದೆ. ಇದನ್ನು ಸರಿದೂಗಿಸಲು ತದ್ವಿರುದ್ಧ ದಿಕ್ಕಿಗೆ ಜಾರುವ ಟೈಟಾನಿಯಂ ಡೈಆಕ್ಸೈಡ್ ಬೆರೆಸುತ್ತಾರೆ. ಆಗ ಬೇಯಿಸುವ ಶಾಖ, ಸಾಂದ್ರತೆ, ಬೆಳ್ಳಿಯ ಪರೀಕ್ಷೆ ಮೂರನ್ನೂ ಮತ್ತೆ ಮೊದಲಿನಿಂದ ಮಾಡಬೇಕು.