ಆವಿಗೆ: ಮೊದಲ ಬೆಂಕಿಯಲ್ಲೇ ಗಡಿಗೆಯ ಹಣೆಬರಹ

ಆವಿಗೆಯಲ್ಲಿ, ಅಂದರೆ ಕುಂಬಾರರು ಮಡಕೆ ಸುಡುವ ಗೂಡಿನಲ್ಲಿ, ಗಡಿಗೆ ಒಡೆದರೆ ಎಲ್ಲರೂ ಮಣ್ಣನ್ನು ಬೈಯುತ್ತಾರೆ. ಬಹುಪಾಲು ತಪ್ಪು ಶುರುವಿನ ಬೆಂಕಿಯದ್ದು. ಒಣಗಿದಂತೆ ಕಂಡರೂ ದಪ್ಪ ತಳದಲ್ಲಿ ತೇವ ಉಳಿದಿರುತ್ತದೆ. ಕಾವು 100 ಡಿಗ್ರಿ ದಾಟುವಾಗ ಅದು ಆವಿಯಾಗಿ, ಹೊರಬರಲು ದಾರಿ ಸಿಗದೆ ತಳವನ್ನೇ ಸಿಡಿಸುತ್ತದೆ. ಒಳಗಿಂದ 'ಟಪ್' ಅಂತ ಸದ್ದು ಬಂತೋ, ಕಟ್ಟಿಗೆ ಹಿಂದಕ್ಕೆ ಎಳೆಯಿರಿ.

ರಾಯಚೂರು, ಕೊಪ್ಪಳದ ಕಡೆ ಬಳ್ಳಾರಿ ಜಾಲಿಗೇನೂ ಬರವಿಲ್ಲ. ಆದರೆ ಅದರ ಕಾವು ಬಲು ಜೋರು, ಮೊದಲಿಗೆ ಬೇಡ. ಕುಳ್ಳಿನ ಸಣ್ಣ ಬೆಂಕಿ ಸಾಕು. ಹೊಗೆಕಿಂಡಿಗೆ ಹಿಡಿದ ತಣ್ಣನೆಯ ತಗಡಿನ ಮೇಲೆ ನೀರಹನಿ ಕಟ್ಟುವುದು ನಿಂತ ಮೇಲೆ ಜಾಲಿ ಹಾಕಿ.

ಆವಿಗೆಯಲ್ಲಿ ಜೋಡಿಸುವಾಗ ಭಾರದವು ಕೆಳಗೆ, ಹಣತೆ ಮುಚ್ಚಳಗಳು ಸಂದಿಯಲ್ಲಿ. ಮೇಲೆ ಬೋಕಿ (ಒಡೆದ ಮಡಕೆ ಚೂರು), ಭತ್ತದ ಹುಲ್ಲು, ಕೆಸರಿನ ಲೇಪ. ಗಡಿಗೆಗಳೇ ಕೆಂಪಗೆ ಹೊಳೆದರೆ ಸುಮಾರು 800 ಡಿಗ್ರಿ. ಕಪ್ಪು ಬಣ್ಣ ಬೇಕಿದ್ದರೆ ಆಗಲೇ ಹೊಟ್ಟು ತುಂಬಿ ಎಲ್ಲ ಕಿಂಡಿ ಮುಚ್ಚಬೇಕು. ಗಾಳಿ ಸಿಗದ ಕಡೆ ಕಪ್ಪು, ಸಿಕ್ಕ ಕಡೆ ಕೆಂಪು. ರಾಯಚೂರು ಜಿಲ್ಲೆಯ ಮಸ್ಕಿಯ ಉತ್ಖನನದಲ್ಲಿ ಸಿಕ್ಕ ಕಪ್ಪು-ಕೆಂಪು ಮಡಕೆಗಳ ಹಿಂದಿರುವುದೂ ಗಾಳಿಯ ಇದೇ ಆಟ.

ಮರುದಿನದವರೆಗೆ ಬಿಚ್ಚಬೇಡಿ. ಆರುವಾಗ 573 ಡಿಗ್ರಿಯ ಆಸುಪಾಸಿನಲ್ಲಿ ಮಣ್ಣಿನೊಳಗಿನ ಬೆಣಚು ಮರಳು ಒಮ್ಮೆಲೇ ಕುಗ್ಗುತ್ತದೆ. ಆಗ ತಣ್ಣನೆ ಗಾಳಿ ಬಡಿದರೆ ಕೂದಲೆಳೆಯಷ್ಟು ಬಿರುಕು. ಕಣ್ಣಿಗೆ ಕಾಣದು, ಕಿವಿಗೆ ಗೊತ್ತಾಗುತ್ತದೆ: ಬೆರಳಿಂದ ತಟ್ಟಿದಾಗ ಠಣ್ ಅನ್ನದಿದ್ದರೆ ಆ ಗಡಿಗೆಗೆ ನೀರು ತುಂಬಬೇಡಿ, ತುಳಸಿ ನೆಡಿ.