‘ಇದೇನಾ ಸ್ಟೇಡಿಯಂ?’ ಎನ್ನುವವರಿಗೆ

ಹೌದು, ಇದೇ. ಮೈಸೂರಿನ ಕ್ರಿಕೆಟ್ ಮೈದಾನ ಗಂಗೋತ್ರಿ ಗ್ಲೇಡ್ಸ್ ಎಂದರೆ ಇಷ್ಟೇ. ಆಟೋದವನು ನಿಮ್ಮನ್ನು ದಾರಿ ತಪ್ಪಿಸಿಲ್ಲ. ಇದರ ಹಿಂದೆ ಇನ್ನೊಂದು ದೊಡ್ಡದು ಅಡಗಿಯೂ ಕುಳಿತಿಲ್ಲ.

ಮೈಸೂರಿಗೆ ಬಂದ ನೆಂಟರಿಗೆ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ ತೋರಿಸಿದ ಮೇಲೆ, ಕ್ರಿಕೆಟ್ ಹುಚ್ಚಿನವರನ್ನು ಮಾತ್ರ ಮಾನಸಗಂಗೋತ್ರಿಗೆ ಕರೆತರುವುದು ನನ್ನ ಚಾಳಿ. ತಪ್ಪು ನನ್ನದೇ. ಬಂದವರು ಬೇಲಿಯ ಬಳಿ ನಿಂತು ಒಂದೇ ಪ್ರಶ್ನೆ ಕೇಳುತ್ತಾರೆ. ‘ಇದು ಸ್ಟೇಡಿಯಮ್ಮೇ?’ ಎಂದಿದ್ದರೆ ಸಹಿಸಬಹುದಿತ್ತು, ಅದರಲ್ಲಿ ತಿಳಿಯುವ ಆಸೆಯಾದರೂ ಇರುತ್ತದೆ. ‘ಇದೇನಾ’ ಎನ್ನುವಾಗಿನ ಆ ‘ನಾ’ ಇದೆಯಲ್ಲ, ಅದು ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಮುಗಿಸಿ ‘ಊರಿಗೆ ಹೋಗಿ ತಿಳಿಸುತ್ತೇವೆ’ ಎಂದಂತೆ. ಇನ್ನು ಅವರು ತಿಳಿಸುವುದೇನೂ ಉಳಿದಿರುವುದಿಲ್ಲ.

ಹೋದ ದಸರೆಗೆ ಬೆಂಗಳೂರಿನಿಂದ ಬಂದ ನಮ್ಮ ಭಾವ ಒಂದು ಹೆಜ್ಜೆ ಮುಂದೆ ಹೋದರು. ‘ಅಲ್ಲಯ್ಯಾ, ಜನ ಎಲ್ಲಿ ಕೂರುತ್ತಾರೆ?’ ಎಂದರು.

ಕೂರಲು ಜಾಗ ಕಡಿಮೆ, ಒಪ್ಪಿದೆ. ಇದು ವಿಶ್ವವಿದ್ಯಾನಿಲಯದ ಆವರಣದಲ್ಲಿರುವ ಮೈದಾನ. ‘ಗ್ಲೇಡ್’ ಎಂದರೇ ಮರಗಳ ನಡುವಿನ ಬಯಲು, ಹೆಸರಿಟ್ಟವರು ಮೊದಲೇ ಎಚ್ಚರಿಸಿದ್ದಾರೆ. ಈಗ ಇದಕ್ಕೆ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿದ್ದ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರ ಹೆಸರೂ ಇದೆ. ಹೆಸರಿನ ಉದ್ದಕ್ಕೆ ತಕ್ಕ ಕಟ್ಟಡ ಹುಡುಕುವವರಿಗೆ ನಿರಾಸೆ ಇನ್ನಷ್ಟು ಹೆಚ್ಚು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಾನೂ ಕುಳಿತಿದ್ದೇನೆ, ಭಾವ. ಮೇಲಿನ ಸಾಲಿನಿಂದ ಚೆಂಡು ನನಗೆ ಕಂಡದ್ದು ದೊಡ್ಡ ಪರದೆಯಲ್ಲಿ. ಇಲ್ಲಿ ವಿಕೆಟ್ ಕೀಪರ್ ಗೊಣಗುವುದೂ ಕೇಳಿಸುತ್ತದೆ.

ಜನ ಎಲ್ಲಿ ಕೂರುತ್ತಾರೆ ಎಂಬುದಕ್ಕೆ ಸರಿಯಾದ ಉತ್ತರವೆಂದರೆ, ಕೂರುವುದಿಲ್ಲ. 2010ರ ಜನವರಿ 14ರಂದು ಯಾರೂ ಕೂರಲಿಲ್ಲ. ಅಂದು ಸಂಕ್ರಾಂತಿ, ಮುಂಬೈ ವಿರುದ್ಧ ಕರ್ನಾಟಕದ ರಣಜಿ ಫೈನಲ್‌ನ ನಾಲ್ಕನೆಯ ದಿನ. ಮೊದಲ ಇನಿಂಗ್ಸ್‌ನಲ್ಲಿ 130ಕ್ಕೆ ಮುಗ್ಗರಿಸಿದ್ದ ನಮ್ಮವರ ಮುಂದಿದ್ದ ಗುರಿ 338. ಇಪ್ಪತ್ತರ ಹುಡುಗ ಮನೀಷ್ ಪಾಂಡೆ, ಗಣೇಶ್ ಸತೀಶ್ ಜೊತೆ ಸೇರಿ ಆಡುತ್ತಿದ್ದ ರೀತಿಗೆ ಅದೂ ಸಣ್ಣದಾಗಿ ಕಾಣತೊಡಗಿತ್ತು. ಹುಲ್ಲಿನ ಮೇಲೆ, ಕಾಂಪೌಂಡಿನ ಮೇಲೆ, ಮರದ ಕೊಂಬೆಗಳ ಮೇಲೆ ಜನ.

ಈ ಕಥೆ ಹೇಳಿದಾಗಲಾದರೂ ಯಾರಾದರೂ ‘ಅವತ್ತು ಡಬ್ಬಿ ಏನಾಯಿತು?’ ಎಂದು ಕೇಳಬೇಕು. ಕೇಳುವುದಿಲ್ಲ. ನಾನೇ ಹೇಳುತ್ತೇನೆ.

ಸರಸ್ವತಿಪುರದ ಚಿಕ್ಕಮ್ಮನಿಗೆ ಕೊಟ್ಟು ಬಾ ಎಂದು ಅಮ್ಮ ಎಳ್ಳು-ಬೆಲ್ಲದ ಸ್ಟೀಲ್ ಡಬ್ಬಿಯನ್ನು ಕೈಗಿಟ್ಟಿದ್ದಳು. ಹತ್ತು ನಿಮಿಷ ನೋಡಿ ಹೋದರಾಯಿತೆಂದು ಮೈದಾನಕ್ಕೆ ತಿರುಗಿದೆ. ಪಕ್ಕದವರು ಹಬ್ಬದ ದಿನ ಡಬ್ಬಿ ಕಂಡು ಸುಮ್ಮನಿರುತ್ತಾರೆಯೇ? ಕೈಯಿಂದ ಕೈಗೆ ಹೋಯಿತು. ಡಬ್ಬಿ ತಿರುಗುತ್ತಿರುವಷ್ಟು ಹೊತ್ತು ವಿಕೆಟ್ ಬೀಳಲಿಲ್ಲ. ಚಿಕ್ಕಮ್ಮನಿಗೂ ಒಂದಿಷ್ಟು ಉಳಿಯಲೆಂದು ನಾನು ಮುಚ್ಚಳ ಹಾಕಿದೆ, ಸತೀಶ್ ಔಟಾದರು. ‘ತೆಗೆಯಿರಿ ಸ್ವಾಮಿ!’ ಎಂದು ಹಿಂದಿನಿಂದ ನಾಲ್ಕೈದು ದನಿ. ತೆಗೆದೆ. ಆಮೇಲೆ ಮುಚ್ಚುವ ಧೈರ್ಯ ಬರಲಿಲ್ಲ. ಆದರೂ 144 ಹೊಡೆದ ಪಾಂಡೆ ಹೋದರು, ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಮುಂಬೈನ ಅಗರ್ಕರ್ ಐದು ವಿಕೆಟ್ ಕಿತ್ತರು. ಎಳ್ಳು-ಬೆಲ್ಲ ತಿಂದು ಒಳ್ಳೆಯ ಮಾತನಾಡಬೇಕಂತೆ. ಅಷ್ಟು ತಿಂದೂ ಅಗರ್ಕರ್ ಬಗ್ಗೆ ನಮ್ಮ ಬಾಯಿಂದ ಒಂದೂ ಒಳ್ಳೆಯ ಮಾತು ಬರಲಿಲ್ಲ. 331ಕ್ಕೆ ಎಲ್ಲರೂ ಔಟ್. ಸಕ್ಕರೆ ಅಚ್ಚಿನ ಗಿಳಿಯೊಂದನ್ನು ಕೈಯಲ್ಲೇ ಹಿಡಿದು ನಿಂತಿದ್ದ ಹಿರಿಯರೊಬ್ಬರು ಅದನ್ನು ತಿನ್ನಲೂ ಮನಸ್ಸಾಗದೆ ನನಗೇ ಮರಳಿಸಿದರು. ಅದನ್ನು ಬಾಯಿಗೆ ಹಾಕಿಕೊಂಡೇ ಮನೆಗೆ ಬಂದೆ.

‘ಚಿಕ್ಕಮ್ಮ ಏನಂದಳು?’ ಎಂದಳು ಅಮ್ಮ.

‘ಆರು ರನ್ನಿಗೆ ಸೋತೆವು’ ಎಂದೆ.

ಅಮ್ಮ ಡಬ್ಬಿ ಇಸಿದುಕೊಂಡು ಮುಚ್ಚಳ ತೆಗೆದಳು. ತಳದಲ್ಲಿ ಒಂದು ಕಡಲೆಕಾಯಿ ಬೀಜವಿತ್ತು.